ನಿಂತ ಕಾರಿನ ದಾರಿ

"ಕಾರಲ್ಲಿ ಯಾರು ತಾಯಿ ಮಲಗೋದು?"

ಬ್ಯಾಟರಿ ಅಂಗಡಿಯವನು ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ಕೇಳಿದ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾದ ಕಾರನ್ನು ಪಕ್ಕದ ಮನೆಯವರ ಕಾರಿನಿಂದ ವೈರು ಎಳೆಸಿ ಎಬ್ಬಿಸಿಕೊಂಡು ಅವಳು ಇಲ್ಲಿಗೆ ಬಂದಿದ್ದಳು. ಹೊರಡುವಾಗ ಗಂಡ ನಿದ್ದೆಗಣ್ಣಲ್ಲೇ "ಹಳೇದರ ಥರದ್ದೇ ಇನ್ನೊಂದು ಹಾಕಿಸ್ಕೊಂಡು ಬಾ" ಎಂದಿದ್ದ.

"ಯಾರೂ ಮಲಗಲ್ಲಪ್ಪ. ಮಲಗೋಕೆ ಮನೆಯಿಲ್ವಾ?"

"ಮತ್ತೆ ಇದ್ಯಾಕೆ ಹೀಗೆ ಸೊರಗಿದೆ?" ಅವನು ಮೀಟರಿನ ಮುಳ್ಳು ತೋರಿಸಿದ. "ಬ್ಯಾಟರಿ ಅಂದ್ರೆ ಜಟ್ಟಿ ಇದ್ದ ಹಾಗೆ. ಒಂದೇ ಪಟ್ಟಿಗೆ ಗಾಡೀನ ಎತ್ತಿ ಎಬ್ಬಿಸುತ್ತೆ, ಆಮೇಲೆ ದಾರಿಯುದ್ದಕ್ಕೂ ಕೂತು ಉಣ್ಣುತ್ತೆ. ಅಂಥ ಜಟ್ಟಿಗೆ ದೀಪ ಹಿಡ್ಕೊಂಡು ನಿಂತ್ಕೋ ಅಂದ್ರೆ ನಿಲ್ತಾನಾ? ನಿಂತ ಗಾಡೀಲಿ ಯಾರೋ ಲೈಟು, ರೇಡಿಯೋ ಹಾಕ್ಕೊಂಡು ಕೂರ್ತಾರೆ."

"ನಾನೇ," ಎಂದಳು ಅವಳು, ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ.

ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು, ಸುರುಳಿ ಬಿಚ್ಚಿ ಸುರುಳಿ ಸುತ್ತಿ ಬರುವವಳು. ಸಂಜೆ ಮನೆಯ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಚಪ್ಪಲಿ ಕಳಚಿ, ರೇಡಿಯೋ ಸಣ್ಣಗೆ ಹಾಕಿಕೊಂಡು ಕೂರುತ್ತಾಳೆ. ಡ್ಯಾಶ್‌ಬೋರ್ಡಿನ ನೀಲಿ ಬೆಳಕು ಮೊಣಕಾಲ ಮೇಲೆ ನೀರಿನಂತೆ ತುಳುಕುತ್ತದೆ. ಎದುರಿನ ಗೋಡೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಅದರ ಬಿರುಕು ಹೊಳೆಯಾಗುತ್ತದೆ, ಪಾಚಿ ಕಾಡಾಗುತ್ತದೆ. 'ಇದರಲ್ಲೇ ಬೇರೆ ಬಣ್ಣ ಇದೆಯಾ' ಎಂದು ಯಾರೂ ಕೇಳದ ಊರೊಂದರ ಕಡೆಗೆ ನಿಂತ ಕಾರು ಸದ್ದಿಲ್ಲದೆ ಹೋಗುತ್ತದೆ. ಆಮೇಲೆ ಮೆಟ್ಟಿಲು ಹತ್ತಿ, "ದಾರಿಯಲ್ಲಿ ಗಾಡಿಗಳ ಸಾಲೋ ಸಾಲು" ಎನ್ನುತ್ತಾಳೆ. ಇಡೀ ದಿನದಲ್ಲಿ ತನ್ನದು ಎನ್ನುವುದು ಅವಳಿಗೆ ಅದೊಂದೇ. ಅದಕ್ಕೂ ಇವತ್ತು ಬೀಗ ಬೀಳುತ್ತದೆ ಎನಿಸಿತು.

"ಎಷ್ಟು ಹೊತ್ತು ಕೂರ್ತೀರಿ?"

"ಮೂರೋ ನಾಲ್ಕೋ ಹಾಡು. ಅಷ್ಟೇ ಅಣ್ಣಾ."

ಅಂಗಡಿಯವನು ನಕ್ಕುಬಿಟ್ಟ. "ನಾಲ್ಕು ಹಾಡಿಗೆಲ್ಲ ಬ್ಯಾಟರಿ ಸಾಯೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಅರಮನೆ ಕಟ್ಟಿರ್ತಿದ್ದೆ. ಇದು ಗಂಟೆಗಟ್ಟಲೆ ಕೂತವರ ಕೆಲಸ, ತಾಯಿ."

ಅವಳು ತಿರುಗಿ, ತೆರೆದ ಬಾಗಿಲಿನಿಂದ ಡ್ರೈವರ್ ಸೀಟನ್ನು ನೋಡಿದಳು. ದಿನಾ ಬೆಳಿಗ್ಗೆ ಅದು ಹಿಂದಕ್ಕೆ ವಾಲಿಕೊಂಡಿರುತ್ತದೆ. "ಒಂಟೆ ಕಾಲು, ಎಷ್ಟು ಜಾಗ ಕೊಟ್ರೂ ಸಾಲದು" ಎಂದು ಗೊಣಗುತ್ತಾ ಅವಳೇ ಎತ್ತಿ ನಿಲ್ಲಿಸುತ್ತಾಳೆ. ತಲೆ ಆನಿಸುವ ಕಡೆ ಈಗಲೂ ತೆಳ್ಳಗೆ ಹಿಟ್ಟಿನ ಬಿಳುಪಿತ್ತು. ಗಂಡ ರಾತ್ರಿಪಾಳಿಯಲ್ಲಿ ಬೇಕರಿಯ ಹಿಟ್ಟು ನಾದುವವನು. ಅವಳು ಬಂದ ಮೇಲೆ ಅವನು ಹೊರಡಬೇಕು, ಅವನು ಬಂದ ಮೇಲೆ ಅವಳು. ಇಬ್ಬರ ನಡುವೆ ಕೈ ಬದಲಾಗುವುದು ಕಾರಿನ ಕೀಲಿ, ಮಗಳು, 'ಹಾಲು ಫ್ರಿಜ್ಜಲ್ಲಿದೆ' ಎಂಬ ಮಾತು. ಬೆಳಿಗ್ಗೆ ಅವಳು ಅರ್ಧ ಹೆಣೆದ ಮಗಳ ಜಡೆ ಹಿಡಿದುಕೊಂಡೇ ಬಾಗಿಲ ಕಡೆ ನೋಡುತ್ತಿರುವಾಗ ಬಂದು, "ಓವನ್ ಆರೋದು ತಡವಾಯ್ತು ಕಣೇ" ಎನ್ನುತ್ತಾನೆ.

ಮನೆ ಕೆಳಗೆ ಬಂದೂ ಮೇಲೆ ಬರೋಕೆ ಮನಸ್ಸಾಗಲ್ವಾ ಇವನಿಗೆ? ಪ್ರಶ್ನೆ ನಾಲಗೆಯ ತುದಿಗೆ ಬಂತು. ಬಂದದ್ದು ಹಾಗೇ ಹಿಂದಿರುಗಿ ಅವಳ ಮುಖವನ್ನೇ ನೋಡುತ್ತಾ ನಿಂತಿತು.

"ಹಳೇದರ ಥರದ್ದೇ ಕೊಡ್ಲಾ? ಕೂರೋದು ಬಿಟ್ರೆ ಇದು ಸಾಕು."

"ಬಿಡದಿದ್ರೆ?"

ಅಂಗಡಿಯವನು ಒಳಗಿನಿಂದ ಇನ್ನೊಂದನ್ನು ಹೊತ್ತು ತಂದು, ಕಾರಿನಲ್ಲಿ ಬ್ಯಾಟರಿ ಕೂರುವ ತಟ್ಟೆಯ ಅಳತೆಗೆ ಗೇಣು ಹಾಕಿ ನೋಡಿದ. "ಅಗಲ, ಎತ್ತರ ಎಲ್ಲ ಅದೇ. ಪ್ಲಸ್ಸು ಇದಕ್ಕೂ ಬಲಗಡೆ. ಎಡಕ್ಕಿದ್ರೆ ವೈರು ಮುಟ್ಟಲ್ಲ, ಎಳೆದು ಕೂಡಿಸೋಕೆ ಹೋದ್ರೆ ಹೊಗೆ. ಸಂಬಂಧ ನೋಡಿದ ಹಾಗೇನೇ ಇದೂ. ಇದರೊಳಗಿನ ಸರಕು ಮಾತ್ರ ಗಟ್ಟಿ. ಜಟ್ಟಿನೂ ಹೌದು, ಕಾವಲುಗಾರನೂ ಹೌದು. ದೀಪ ಹಿಡ್ಕೊಂಡೂ ನಿಲ್ಲುತ್ತೆ. ಬೆಲೆ ಸ್ವಲ್ಪ ಜಾಸ್ತಿ. ಯಜಮಾನ್ರನ್ನ ಒಂದು ಮಾತು ಕೇಳ್ತೀರಾ?"

"ಬೇಡ, ಮಲಗಿರ್ತಾರೆ. ಹಾಕಿಬಿಡಿ."

ಸಂಜೆ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದಳು. ನೀಲಿ ಬೆಳಕು ಮೊಣಕಾಲಿಗೆ ಬಂತು. ಇವತ್ತು ಏನೋ ಅನ್ನಿಸಿ, ಸೀಟನ್ನು ಗಂಡ ಬಾಗಿಸುವಷ್ಟೇ ಹಿಂದಕ್ಕೆ ಬಾಗಿಸಿ, ಹಿಟ್ಟಿನ ಬಿಳುಪಿಗೆ ತಲೆ ಆನಿಸಿ ಒರಗಿದಳು. ಬೆಂದ ಬ್ರೆಡ್ಡಿನ ವಾಸನೆ. ಅಲ್ಲಿಂದ ಗೋಡೆ ಕಾಣಲಿಲ್ಲ. ಗಾಜಿನ ತುಂಬ ಕಂಡದ್ದು ಅವರದೇ ಅಡುಗೆಮನೆಯ ಕಿಟಕಿ. ಆಗಷ್ಟೇ ಹತ್ತಿದ ದೀಪ, ಕೊಕ್ಕೆಗೆ ನೇತುಬಿದ್ದ ಸೌಟು, ಗಾಳಿಗೆ ಉಬ್ಬಿ ಇಳಿಯುವ ಪರದೆ. ಯಾವುದೋ ದೂರದ ಊರಿನ, ಯಾರೋ ಪುಣ್ಯವಂತರ ಮನೆಯ ಹಾಗೆ. ದಿನಾ ಬೆಳಗಾಗುವ ಹೊತ್ತಿಗೆ ಆ ಕಿಟಕಿಯಲ್ಲಿ ಮಗಳ ಜಡೆ ಹೆಣೆಯುತ್ತಾ ನಿಂತಿರುವವಳು ತಾನೇ ಎಂಬುದು ಅವಳಿಗೆ ತಡವಾಗಿ ಹೊಳೆಯಿತು.

ಪರದೆ ಸರಿದು ಪುಟ್ಟ ತಲೆಯೊಂದು ಇಣುಕಿತು. "ಅಪ್ಪಾ, ಅಮ್ಮ ಬಂದ್ಲು!"

ಅವಳ ಕೈ ಗಾಬರಿಯಿಂದ ರೇಡಿಯೋದ ಗುಂಡಿಗೆ ಹೋಯಿತು. ಮಗಳ ಹಿಂದೆ ಅವನು ಬಂದು ನಿಂತು, ಕೆಳಗಿನ ನೀಲಿ ಬೆಳಕನ್ನು ಒಂದು ಗಳಿಗೆ ನೋಡಿ, ಪರದೆ ಎಳೆದ.

"ಬಂದಿರೋದು ಕಾರು ಪುಟ್ಟೀ. ಅಮ್ಮ ಇನ್ನೂ ದಾರೀಲಿದಾಳೆ."