ಕಪ್ಪು ಪೊರೆ

ಮಾವ ಉಗುರಿನಿಂದ ಕೆರೆಯುತ್ತಿದ್ದ ತುದಿ ಕೊನೆಗೂ ಎದ್ದಿತು. ಎಳೆದರೆ, ಕಾರಿನ ಬಾಗಿಲ ಪಟ್ಟಿಯ ಮೇಲಿನ ಕಪ್ಪು ಬಣ್ಣ ಹಾಲಿನ ಕೆನೆಯಂತೆ ಇಡಿಯಾಗಿ ಬರತೊಡಗಿತು. ಹೊಳೆಯುವ ಪಟ್ಟಿಗಳಿಗೆಲ್ಲ ಮಗ ಹೋದ ಭಾನುವಾರ, ಒಣಗಿದರೆ ರಬ್ಬರಿನಂತೆ ಕೀಳಬಹುದಾದ ಸ್ಪ್ರೇ ಹೊಡೆದಿದ್ದ. ಈಗಿನ ಫ್ಯಾಷನ್ ಅಪ್ಪಾ, ಬೇಡವಾದರೆ ಕಿತ್ತರಾಯಿತು ಎಂದಿದ್ದ.

"ಕಿತ್ತರಾಯ್ತು ಅಂದನಲ್ಲ, ಕೀಳ್ತಿದೀನಿ. ನನ್ನ ಕಾರಿಗೆ ಮಸಿ ಬಳಿಯೋಕೆ ಇವನ್ಯಾರು?"

ಒಗೆದ ಬಟ್ಟೆಯ ಬಕೆಟ್ ಹಿಡಿದು ಹೊರಗೆ ಬಂದ ಸೊಸೆ, "ಆ ಬಾಗಿಲೊಂದು ಬಿಟ್ಬಿಡಿ ಮಾವಾ" ಎನ್ನುವಷ್ಟರಲ್ಲಿ ಪೊರೆ ಪೂರ್ತಿ ಕಿತ್ತು ಬಂದಿತ್ತು. ಅದರಡಿ ಈ ತುದಿಯಿಂದ ಆ ತುದಿಗೆ ಆಳವಾದ ಗೀರು. ಮಾವ ಅದರ ಮೇಲೆ ಹೆಬ್ಬೆರಳು ಎಳೆದರು. ಆಮೇಲೆ ಗೇಟಿನ ಕಂಬದತ್ತ ನೋಡಿದರು. ಅಲ್ಲೂ ಅದೇ ಎತ್ತರದಲ್ಲಿ ಗಾರೆ ಉದುರಿತ್ತು.

"ನಾನೇ ಮಾವಾ," ಎಂದಳು ಸೊಸೆ ಗಡಿಬಿಡಿಯಲ್ಲಿ. "ಹತ್ತು ದಿನದ ಹಿಂದೆ ಒಳಗೆ ತರುವಾಗ ತಾಗಿಸಿಬಿಟ್ಟೆ. ನೀವು ಬೈತೀರಿ ಅಂತ ಇವರು ಬಣ್ಣ ಹೊಡೆದ್ರು."

ಬಾಯಿಂದ ಮಾತು ಜಾರಿದ ಮೇಲೆ ಅವಳಿಗೆ ಹೊಳೆಯಿತು: ಮಾವ ಈ ಕಾರಿನ ಸ್ಟೀರಿಂಗನ್ನು ಮಗನಿಗೂ ಮುಟ್ಟಗೊಟ್ಟವರಲ್ಲ, ತನಗಂತೂ ಸೈಕಲ್ಲೂ ಬಾರದು.

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಕಂಬವನ್ನು ಇನ್ನೊಮ್ಮೆ ನೋಡಿದರು. ಜೇಬಿನಿಂದ ಕೀಲಿ ತೆಗೆದು ಅವಳ ಒದ್ದೆ ಕೈಯಲ್ಲಿಟ್ಟರು.

"ಕಂಬಕ್ಕೆ ತಾಗಿಸೋದು ಕಲಿತಾಯ್ತಲ್ಲ," ಎಂದರು. "ಇನ್ನು ಓಡಿಸೋದು ಕಲಿ."