ಇಂತಿ, ಅಕ್ಕ

ತನಗೆ ಏನೂ ಅನಿಸುತ್ತಿಲ್ಲವಲ್ಲ, ಇದು ಸರಿಯೇ? ಮೊಬೈಲಿನ ಪರದೆ ನೋಡುತ್ತಾ ಅವಳು ತನ್ನನ್ನೇ ಕೇಳಿಕೊಂಡಳು. ಬೆಳಿಗ್ಗೆಯಿಂದ ಎಷ್ಟೋ ಹುಡುಗಿಯರು ಅಳುತ್ತಾ ಬರೆದಿದ್ದರು. ಎಲ್ಲರಿಗೂ ಧೈರ್ಯ ಹೇಳಿದ್ದಳು. ಒಳಗೆ ಮಾತ್ರ ಹತ್ತಿ ತುಂಬಿದ ಹಾಗಿತ್ತು.

ಫೋನು ಮತ್ತೆ ಮಿಣುಕಿತು.

“ಅಕ್ಕ, ಮುಟ್ಟಾಗಿ ಮೂರು ವಾರ ಆಯ್ತು. ಇನ್ನೂ ನಿಂತಿಲ್ಲ. ಅಮ್ಮನಿಗೂ ಹೇಳಿಲ್ಲ. ಎದರಿಕೆ ಆಗ್ತಿದೆ.”

ಆಸ್ಪತ್ರೆಯ ಮಹಡಿಯ ಈ ಕೋಣೆಗೆ ಬರುವ ಮೆಸೇಜುಗಳೆಲ್ಲ ‘ಅಕ್ಕ’ ಎಂದೇ ಶುರುವಾಗುತ್ತವೆ. ಮುಟ್ಟು, ಬಸಿರು, ಬಿಳಿಸೆರಗು, ಹೀಗೆ ಬಾಯಿಬಿಟ್ಟು ಕೇಳಲಾಗದ್ದನ್ನು ಹರೆಯದ ಹುಡುಗಿಯರು ಬರೆದು ಕೇಳಲಿ ಎಂದು ಶಾಲೆ, ಕಾಲೇಜುಗಳಲ್ಲಿ ನಂಬರ್ ಹಂಚಿದ್ದರು. ಬರೆದವರು ಯಾರೆಂದು ಪರದೆಯಲ್ಲಿ ಕಾಣುವುದಿಲ್ಲ. ಪ್ರತಿ ಉತ್ತರದ ಕೊನೆಗೂ ‘ಇಂತಿ, ಅಕ್ಕ’ ಎಂದಿರಬೇಕು. ಉತ್ತರ ಬರೆಯುವವಳು ಅವಳೊಬ್ಬಳೇ. ಪದವಿ ಮುಗಿಸಿಯೂ ನಾಲ್ಕು ಜನರೆದುರು ಬಾಯಿ ಬಿಡಲಾರದ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ. ಮಧ್ಯಾಹ್ನ ಊಟಕ್ಕೂ ಕೆಳಗಿಳಿಯುತ್ತಿರಲಿಲ್ಲ. ಆ ಮೆಟ್ಟಿಲನ್ನು ಮತ್ತೆ ಯಾರು ಹತ್ತಬೇಕು?

‘ಎದರಿಕೆ’ ಎಂಬಲ್ಲಿ ಅವಳ ಕಣ್ಣು ನಿಂತಿತು.

ಮನೆಯಲ್ಲಿ ತಂಗಿಯ ಪ್ರಬಂಧ ತಿದ್ದುವಾಗ, “ಇಲ್ಲಿದ್ದ ಹಕಾರ ನುಂಗಿಬಿಟ್ಟೆಯಲ್ಲೇ” ಎಂದು ತಲೆಗೆ ಮೊಟಕುವುದಿತ್ತು. “ಎದರಿಕೆ ಆದಾಗ ಹ ಎಲ್ಲಿ ಬರುತ್ತೆ ಕಣೇ” ಎಂದು ತಂಗಿ ಹಲ್ಲು ಕಿರಿಯುವುದಿತ್ತು.

ಹಾಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ ಎಂದುಕೊಂಡಳು. ಉತ್ತರ ಬರೆದಳು. “ಒಂದು ವಾರ ಮೀರಿದರೆ ತೋರಿಸಲೇಬೇಕು. ಸುಸ್ತಿದೆಯಾ? ಇಂತಿ, ಅಕ್ಕ.”

“ಮುಖ ಸುಣ್ಣದ ಹಾಗೆ ಬಿಳಿಚಿದೆ. ನೀನಾಗಿದ್ರೆ ಏನು ಮಾಡ್ತಿದ್ದೆ ಅಕ್ಕ?”

ನೀನು. ಉಳಿದವರೆಲ್ಲ ನೀವು ಎನ್ನುತ್ತಾರೆ.

“ನಾನಾಗಿದ್ದರೆ ಇಷ್ಟು ಹೊತ್ತಿಗೆ ಡಾಕ್ಟರ ಮುಂದೆ ಕೂತಿರುತ್ತಿದ್ದೆ. ಇಂತಿ, ಅಕ್ಕ.” ಬೆರಳುಗಳು ಸಲೀಸಾಗಿ ಓಡಿದವು.

ಸಂಜೆ ಮನೆಗೆ ಬಂದಾಗ ಅಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ರೇಗುತ್ತಿದ್ದಳು. “ತಂದಿಟ್ಟ ಪ್ಯಾಡೆಲ್ಲ ಎಲ್ಲಿ ಮಾಯ? ಅಕ್ಕತಂಗಿ ಸೇರಿ ಅಂಗಡಿ ಇಡ್ತೀರೋ ಹೇಗೆ?”

“ನಾನೇ, ಕ್ಲಾಸಿನವರಿಗೆ ಕೊಟ್ಟೆ,” ತಂಗಿ ಥಟ್ಟನೆ ಹೇಳಿದಳು. ಸುಳ್ಳು ಹೇಳಿದರೆ ತಂಗಿಯ ಕಿವಿ ಕೆಂಪಾಗುತ್ತದೆ. ಎರಡೂ ಕೆಂಪಾಗಿದ್ದವು.

ಅವಳು ಫ್ರಿಜ್ಜಿನಿಂದ ಐಸ್ ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು.

“ಇವಳೊಬ್ಬಳು! ಹೊತ್ತಿಲ್ಲ ಗೊತ್ತಿಲ್ಲ, ಕಟಕಟ ಐಸ್ ಕಡೀತಾಳೆ. ಹಲ್ಲುದುರಿದ ಮೇಲೆ ಯಾವನು ಕಟ್ಕೋತಾನೆ? ಮೈಮೇಲೆ ನೋಡಿದ್ರೆ ದಿನಾ ಅದೇ ಕಪ್ಪು ಚೂಡಿದಾರ. ಬೇರೆ ಬಟ್ಟೆ ಇಲ್ವೇನೇ ನಿನಗೆ?”

ತಂಗಿ ಅವಳನ್ನೊಮ್ಮೆ ನೋಡಿ ನೆಲ ನೋಡಿದಳು.

ಕೋಣೆಯಲ್ಲಿ ಇಬ್ಬರೇ ಆದಾಗ ಅವಳು ಹೇಗೋ ಕೇಳಿದಳು. “ನನ್ನ ಹತ್ರ ಏನಾದ್ರೂ ಹೇಳೋದಿದೆಯೇನೇ?”

“ನಿನಗಿದೆಯಾ?”

“ನನಗೇನಿರುತ್ತೆ?”

“ಹಾಗಾದ್ರೆ ನನಗೂ ಏನಿಲ್ಲ ಬಿಡು.” ತಂಗಿ ಪುಸ್ತಕ ಬಿಡಿಸಿಕೊಂಡಳು. ಒಂದು ಹಾಳೆಯನ್ನೂ ಮಗುಚಲಿಲ್ಲ.

ಬರೆದವಳು ತಂಗಿಯೇ, ಇನ್ನು ಸಂಶಯವಿರಲಿಲ್ಲ. ಮೈಯಿಂದ ಅಷ್ಟು ರಕ್ತ ಹೋದರೆ ಮನುಷ್ಯರು ನಿಂತಲ್ಲೇ ಕುಸಿಯುತ್ತಾರೆ. ಅದನ್ನು ಅವಳೇ ಎಷ್ಟೋ ಸಲ ಬರೆದಿದ್ದಳು. ಆದರೆ ಎದುರಿಗೆ ಕೂತ ತಂಗಿಗೆ ಹೇಳಲು ಬಾಯಿಯೇ ಬರಲಿಲ್ಲ.

ಮರುದಿನ ಬೆರಳಿಂದ ಹೇಳಿದಳು. “ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಬಾ. ಹಿಂದಿನ ಬಾಗಿಲು, ಹಸಿರು ಪರದೆ. ಹೆಸರು ಕೇಳುವುದಿಲ್ಲ. ಒಬ್ಬಳೇ ಬರಬೇಡ. ಇಂತಿ, ಅಕ್ಕ.”

“ನಾಚಿಕೆ ಜಾಸ್ತಿ. ಬರೋಕೆ ಒಪ್ಪದಿದ್ರೆ?”

ಜೊತೆಗೆ ಯಾವ ಗೆಳತಿಯನ್ನು ಕರೆಯುತ್ತಿದ್ದಾಳೋ! “ಪ್ರಾಣಕ್ಕಿಂತ ನಾಚಿಕೆ ದೊಡ್ಡದಲ್ಲ. ಕೈ ಹಿಡಿದು ಎಳೆದುಕೊಂಡಾದರೂ ಬಾ. ಇಂತಿ, ಅಕ್ಕ.”

“ಸರಿ.”

ಶನಿವಾರ, ಮೂರು ವಾರದಿಂದ ನಿಲ್ಲದ ಹುಡುಗಿಯೊಬ್ಬಳು ಬರುತ್ತಾಳೆಂದು ಕೆಳಗಿನ ನರ್ಸಿಗೆ ಮೆಸೇಜು ಕಳಿಸಿ, ಅವಳು ಮೆಟ್ಟಿಲಿಳಿದಳು. ದಿನವೂ ಎಷ್ಟೋ ಜನರನ್ನು ಕಳಿಸುವ ಆ ಹಸಿರು ಪರದೆಯ ಕಡೆಗೆ ಅವಳು ಒಮ್ಮೆಯೂ ಸುಳಿದಿರಲಿಲ್ಲ. ಕೆಳಗಿನವರಿಗೆಲ್ಲ ಅವಳ ಮುಖ ಗೊತ್ತು.

ಬೆಂಚಿನ ಮೇಲೆ ಶಾಲೆಯ ಯೂನಿಫಾರ್ಮಿನಲ್ಲಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ತಂಗಿ ಕೂತಿದ್ದಳು. ಗೆಳತಿಯರು ಯಾರೂ ಇರಲಿಲ್ಲ.

ಅವಳು ಪಕ್ಕದಲ್ಲಿ ಕೂತಳು. ಗೋಡೆಗೆ ಒರಗಿದಳು. ದುಃಖ ಬರಬೇಕಿತ್ತು, ಬರಲಿಲ್ಲ.

“ಮನೇಲೇ ಹೇಳಬಹುದಿತ್ತಲ್ಲೇ?”

“ಅದೇ ನಾನೂ ಯೋಚಿಸ್ತಿದ್ದೆ,” ಎಂದಳು ತಂಗಿ.

ಪರದೆ ಸರಿಯಿತು. ನರ್ಸು ಹೊರಗೆ ಇಣುಕಿದಳು. “ಓಹೋ, ನಮ್ಮ ಮೆಸೇಜ್ ಮೇಡಮ್ಮು! ದಾರಿ ತಪ್ಪಿ ಬಂದ್ರಾ?” ಆಮೇಲೆ ತಂಗಿಯ ಕಡೆ ತಿರುಗಿದಳು. “ಮೂರು ವಾರದಿಂದ ನಿಂತಿಲ್ಲ ಅಂದವಳು ನೀನೇನಮ್ಮ? ಬಾ ಒಳಗೆ.”

ತಂಗಿ ಏಳಲಿಲ್ಲ. ಕೈ ಚಾಚಿ ಅಕ್ಕನ ಕೈ ಹಿಡಿದುಕೊಂಡಳು.

“ಎಷ್ಟು ತಣ್ಣಗಿದೆ ನೋಡು,” ಎಂದಳು. “ಎಳೆದುಕೊಂಡಾದರೂ ಬಾ ಅಂದವಳು ನೀನೇ ತಾನೇ?”

ನರ್ಸು ಇಬ್ಬರನ್ನೂ ನೋಡಿದಳು. “ಯಾರಿಗಮ್ಮ ಹಾಗಾದ್ರೆ?”

ಆ ಮೆಸೇಜುಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ನಿಂತಿಲ್ಲ. ಹೇಳಿಲ್ಲ. ಬಿಳಿಚಿದೆ. ಒಂದರಲ್ಲೂ ‘ನನಗೆ’ ಎಂಬ ಮಾತಿರಲಿಲ್ಲ.

“ನನಗೆ, ಸಿಸ್ಟರ್,” ಎಂದಳು ಅಕ್ಕ. “ನಿಲ್ಲದೇ ಇರೋದು ನನಗೆ.”