ಸೂತಕದ ಒಲೆ

ನಮ್ಮ ಬೀದಿಯ ಪುಟ್ಟತಾಯಮ್ಮನ ದೋಸೆ ಹೋಟೆಲಿನಲ್ಲಿ ಮೂರು ಒಲೆಗೂ ಬೆಂಕಿ ಊದುತ್ತಿದ್ದವನು ರಷ್ಯಾ ಕಡೆಯಿಂದ ಬಂದ ಮೂರು ತಲೆಯ ಡ್ರ್ಯಾಗನ್, ಝ್ಮೇಯಪ್ಪ. ಒಂದು ದಿನ ಕುದುರೆಯೇರಿ ಬಂದ ವೀರನೊಬ್ಬ ಅವನ ಎಡಗಡೆ ತಲೆ ಕಡಿದು, ಎರಡು ದೋಸೆ ಪಾರ್ಸೆಲ್ ಕಟ್ಟಿಸಿಕೊಂಡು ಹೋದ.

ಮರುದಿನ ಉಳಿದೆರಡು ತಲೆಗಳು ಒಲೆ ಹಚ್ಚಲಿಲ್ಲ.

“ಸೂತಕ ಕಣಕ್ಕ,” ಎಂದಿತು ನಡುವಿನ ತಲೆ.

“ಹೊಸ ತಲೆ ಚಿಗುರುತ್ತಲ್ಲಪ್ಪ?”

“ಚಿಗುರುತ್ತೆ. ಆದ್ರೆ ಅವನಲ್ಲ.”

ಪುಟ್ಟತಾಯಮ್ಮ ಹೋಟೆಲ್ ಬಾಗಿಲು ಹಾಕಿದಳು. ಅಕ್ಕಪಕ್ಕದ ಮನೆಗಳಿಂದ ಅನ್ನ, ಸಾರು ಬಂತು.

ಹನ್ನೊಂದನೆಯ ದಿನ ಬೆಳಿಗ್ಗೆ ಪುಟ್ಟ ತಲೆಯೊಂದು ಚಿಗುರಿತು. ತಣ್ಣಗಿದ್ದ ಒಲೆಗಳನ್ನು ನೋಡಿ, ದನಿ ತಗ್ಗಿಸಿ ಕೇಳಿತು: “ಯಾರು ಹೋಗ್ಬಿಟ್ರು?”

ಎರಡೂ ತಲೆಗಳು ಪುಟ್ಟತಾಯಮ್ಮನ ಕಡೆ ನೋಡಿದವು.

“ನಿಮ್ಮಣ್ಣ ಕಣಪ್ಪ,” ಎಂದಳು ಆಕೆ. “ಎಡಗಡೆ ಒಲೆ ಅವನದು. ಹಚ್ಚು.”